ಒಂದಲ್ಲಾ ಒಂದಿನ ವಿಚಿತ್ರ ಪ್ರಾಣಿ ಸಾಕ್ಲೇಬೇಕು ಅಂತಿದೀನಿ, ನನ್ ಲಿಸ್ಟ್ ನೋಡಿ ಬೈಯೋರು ಬೈರಿ

ಗೂಬೆಕಣ್ಣ:
ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾಳೆನೇ ಹೋಗಿ ಏನೂ ತರ್ತಿಲ್ಲ. ನಾನಿರೋದು ಬಾಡಿಗೆ ರೂಮು, ಇನ್ನಿಬ್ರ ಜೊತೆ, ಓನರ್ ಬೆಕ್ಕಿಗೇ ಬೇಡ ಅಂದಿರೋರು. ಆದ್ರೆ ಆಸೆ ಅನ್ನೋದು ಬಾಡಿಗೆ ಕರಾರು ನೋಡ್ಕೊಂಡು ಬರಲ್ವಲ್ಲ.

ಚಿಕ್ಕವನಿದ್ದಾಗಿಂದ ನಂಗೆ ನಾಯಿ ಬೆಕ್ಕು ಅಂದ್ರೆ ಅಷ್ಟಕ್ಕಷ್ಟೆ. ಚೆನ್ನಾಗೇ ಇರ್ತವೆ, ಇಲ್ಲ ಅನ್ನಲ್ಲ, ಆದ್ರೆ ನನ್ ಕಣ್ಣು ಹೋಗ್ತಿದ್ದಿದ್ದು ಗೋಡೆ ಮೇಲಿನ ಹಲ್ಲಿ ಕಡೆ, ಮೂಲೇಲಿರೋ ಜೇಡದ ಕಡೆ. ಒಂದ್ಸಲ ಬಾಟ್ಲಲ್ಲಿ ಗೊದಮೊಟ್ಟೆ ತಂದಿಟ್ಟು ಮರೆತೇಬಿಟ್ಟೆ, ಆಮೇಲೆ ಒಂದಿನ ನೋಡಿದ್ರೆ ಕಾಲು ಬಂದು ಮನೆ ತುಂಬಾ ಕುಪ್ಪಳಿಸ್ತಿದಾವೆ, ಅವತ್ತು ಬಿದ್ದ ಏಟು ಇನ್ನೂ ನೆನಪಿದೆ ಆದ್ರೆ ಹುಚ್ಚು ಮಾತ್ರ ಬಿಡ್ಲಿಲ್ಲ.

ಸದ್ಯದ ಲಿಸ್ಟು ಹೀಗಿದೆ. ಮೊದ್ಲು ಆಕ್ಸೊಲಾಟಲ್, ಕಪ್ಪೆ ಬಳಗದ್ದು, ಬಾಲ ಇಟ್ಕೊಂಡು ನೀರಲ್ಲೇ ಬದುಕೋದು, ಯಾವಾಗ್ಲೂ ನಗ್ತಿರೋ ಥರ ಮುಖ ಇರುತ್ತಲ್ಲ ಅದು. ಆಮೇಲೆ ಬಾಲ್ ಪೈಥಾನ್, ಒಂದು ಜಾತಿ ಚಿಕ್ಕ ಹೆಬ್ಬಾವು. ಒಂದು ಟರಾಂಟುಲಾ, ಮೈತುಂಬಾ ರೋಮ ಇರೋ ದೊಡ್ಡ ಜೇಡ. ದುಡ್ಡು ಜಾಸ್ತಿ ಆದ್ರೆ ಸಮುದ್ರದ ನೀರಿನ ಟ್ಯಾಂಕು, ಅದ್ರಲ್ಲಿ ಆಕ್ಟೋಪಸ್. ಫೆನೆಕ್ ನರಿ, ಆ ಕಿವಿ ನೋಡಿದ್ರೆ ಯಾರಿಗೆ ಬೇಡ ಅನ್ಸುತ್ತೆ ಹೇಳಿ. ಖಾಲಿ ಚಿಪ್ಪೊಳಗೆ ಸೇರ್ಕೊಂಡು ಬದುಕೋ ಹರ್ಮಿಟ್ ಏಡಿ ಒಂದೆರಡು, ಅದು ಸುಲಭ ಅಂತ ಕೇಳಿದೀನಿ. ಕೊನೇಗೆ ರೀಲ್ಸ್‌ನಲ್ಲಿ ನೋಡಿದ ಸ್ಲೋ ಲೋರಿಸ್, ಕಚಗುಳಿ ಇಟ್ರೆ ಎರಡೂ ಕೈ ಮೇಲೆತ್ತುತ್ತಲ್ಲ, ನಮ್ ಕಾಡುಪಾಪದ ಕಸಿನ್ನು.

ಸಾಕಿರೋರು ಯಾರಾದ್ರೂ ಇದ್ರೆ ಒಂದೇ ಪ್ರಶ್ನೆ. ತರೋಕ್ ಮುಂಚೆ ನಿಮ್ಗೆ ಯಾರೂ ಹೇಳದೇ ಇದ್ದ ವಿಷ್ಯ ಯಾವ್ದು? ಮತ್ತೆ ಈ ರೂಮಲ್ಲಿ ಕೂತ್ಕೊಂಡೇ ಈಗ್ಲಿಂದ ನಾನು ಏನಾದ್ರೂ ಮಾಡ್ಬಹುದಾ?

ಸುರುಳಿ:
9 ವರ್ಷದಿಂದ ಬಾಲ್ ಪೈಥಾನ್ ಇದೆ ನಮ್ಮನೇಲಿ, ಹೆಣ್ಣು. ಯಾರೂ ಹೇಳದೇ ಇದ್ದ ವಿಷ್ಯ ಅಂದ್ರಲ್ಲ, ಹೇಳ್ತೀನಿ ಕೇಳಿ: ಅದು ಏನೂ ಮಾಡಲ್ಲ. ನಿಜವಾಗ್ಲೂ ಏನೂ ಮಾಡಲ್ಲ. ಹಗಲೆಲ್ಲಾ ಡಬ್ಬಿ ಒಳಗೆ ಸುತ್ಕೊಂಡು ಬಿದ್ದಿರುತ್ತೆ, ರಾತ್ರಿ ಒಂದರ್ಧ ಗಂಟೆ ಓಡಾಡುತ್ತೆ, ಮತ್ತೆ ಡಬ್ಬಿ. ಹೊಸದ್ರಲ್ಲಿ ಫ್ರೆಂಡ್ಸ್ ಎಲ್ಲಾ ನೋಡೋಕೆ ಬರ್ತಿದ್ರು, ಐದು ನಿಮಿಷ ಡಬ್ಬಿ ನೋಡಿ ಫೋನ್ ತೆಗೀತಿದ್ರು.

ಎರಡ್ನೇದು ಊಟ. ಮೂರ್ನೇ ವರ್ಷ ಚಳಿಗಾಲ ಶುರುವಾದಾಗ ನಮ್ದು ಇಲಿ ಮುಟ್ಟೋದು ನಿಲ್ಲಿಸ್ತು. ಒಂದು ವಾರ, ಎರಡು ವಾರ, ಒಂದು ತಿಂಗ್ಳು. ನಾನು ಹಗಲೂ ರಾತ್ರಿ ಅದ್ನೇ ಯೋಚ್ನೆ. ಐದು ತಿಂಗ್ಳು ತಿನ್ಲಿಲ್ಲ! ಪ್ರತಿ ವಾರ ತೂಕ ಹಾಕ್ತಿದ್ದೆ, ಕಡಿಮೆ ಆಗಿದ್ದು ಒಂದಿಷ್ಟೇ ಇಷ್ಟು. ಆಮೇಲೆ ಒಂದಿನ ಏನೂ ಆಗಿಲ್ವೇನೋ ಅನ್ನೋ ಥರ ಗಬಕ್ಕಂತ ಹಿಡ್ಕೊಂಡು ನುಂಗ್ತು. ಈ ಜಾತಿಗೆ ಇದು ಮಾಮೂಲು, ತೂಕ ಜಾಸ್ತಿ ಇಳೀದೇ ಇದ್ರೆ ಸುಮ್ನಿರ್ಬೇಕು, ಆದ್ರೆ ಆ ಸುಮ್ನಿರೋದಿದ್ಯಲ್ಲ ಅದೇ ಕಷ್ಟ. ಇನ್ನೊಂದು, ಇಲಿನ ಜೀವಂತ ಕೊಡ್ಬೇಡಿ, ಹಾವಿಗೆ ಹಸಿವಿಲ್ದಿದ್ರೆ ಇಲಿನೇ ಹಾವನ್ನ ಕಡಿದು ಗಾಯ ಮಾಡುತ್ತೆ. ಫ್ರೀಜ್ ಮಾಡಿದ್ದು ತಂದು ಕರಗಿಸಿ ಬೆಚ್ಚಗೆ ಮಾಡಿ ಕೊಡೋದು. ಅಂದ್ರೆ ನಿಮ್ ಫ್ರಿಡ್ಜ್‌ನಲ್ಲಿ ಇಲಿ ಇರುತ್ತೆ. ಮದುವೆ ಮಾತುಕತೆ ಟೈಮಲ್ಲೇ ಇದನ್ನ ಹೇಳಿಬಿಡೋದು ಒಳ್ಳೇದು, ಅನುಭವದ ಮಾತು.

ಬಿಸಿ ಕಡೆ 31-32 ಡಿಗ್ರಿ, ತಂಪು ಕಡೆ 25-26, ಎರಡೂ ಕಡೆ ಅಡಗೋಕೆ ಜಾಗ, ಹೀಟಿಂಗ್ ಮ್ಯಾಟ್‌ಗೆ ಥರ್ಮೋಸ್ಟಾಟ್ ಇರ್ಲೇಬೇಕು. ಥರ್ಮೋಸ್ಟಾಟ್ ಇಲ್ದೆ ಮ್ಯಾಟ್ ಕಾದು ಕಾದು ಹೊಟ್ಟೆ ಚರ್ಮ ಸುಟ್ರೂ ಅಲ್ಲೇ ಬಿದ್ದಿರ್ತವೆ ಕೆಲವು. ಅಂಗಡೀಲಿ ಸ್ಪೈಡರ್ ಅನ್ನೋ ಬಣ್ಣದ್ದು ತೋರಿಸ್ತಾರೆ, ಜೇಡರಬಲೆ ಥರ ಗೆರೆ ಇರುತ್ತೆ, ತುಂಬಾ ಚಂದ. ತಗೋಬೇಡಿ. ಆ ಬಣ್ಣ ತರೋ ಜೀನ್ ಜೊತೆಗೇ ನರದ ತೊಂದ್ರೆನೂ ಬರುತ್ತೆ, ತಲೆ ಅಲ್ಲಾಡ್ತಿರುತ್ತೆ, ಕೆಲವಕ್ಕೆ ಇಲಿಗೆ ಗುರಿ ಇಡೋಕೂ ಆಗಲ್ಲ.

ವಯಸ್ಸು 20-30 ವರ್ಷ ಅಂತ ಲೆಕ್ಕ ಇಟ್ಕೊಳ್ಳಿ. ಅಮೆರಿಕದ ಸೇಂಟ್ ಲೂಯಿಸ್ ಝೂನಲ್ಲಿ ಒಂದಿತ್ತು, 1961ರಲ್ಲಿ ಅಲ್ಲಿಗೆ ಬಂದಿದ್ದು, 2020ರಲ್ಲಿ 60 ದಾಟಿದ ವಯಸ್ಸಲ್ಲಿ ಮೊಟ್ಟೆ ಇಡ್ತು, ಅದೂ ಗಂಡಿನ ಮುಖ ನೋಡದೆ 15 ವರ್ಷಕ್ಕೂ ಮೇಲೆ ಆದ್ಮೇಲೆ. ನಿಮ್ಗೀಗ ಎಷ್ಟು ವಯಸ್ಸೋ ಗೊತ್ತಿಲ್ಲ, ಇವತ್ತು ತಂದ ಮರಿ ನಿಮ್ ರಿಟೈರ್‌ಮೆಂಟ್ ಫಂಕ್ಷನ್‌ಗೆ ಬಂದ್ರೂ ಬರಬಹುದು.

ಖಾಲಿಚಿಪ್ಪು:
"ಹರ್ಮಿಟ್ ಏಡಿ ಸುಲಭ" ಅಂತ ಬರ್ದಿದೀರಲ್ಲ, ಅದೊಂದು ಸಾಲು ಓದಿ ಲಾಗಿನ್ ಆದೆ.

ನಂಗೂ ಹಾಗೇ ಹೇಳಿದ್ರು. ಸಮುದ್ರದ ಹತ್ರ ಹೋದಾಗ ಮಗಳು ಹಠ ಮಾಡಿದ್ಲು ಅಂತ ನಾಲ್ಕು ತಂದ್ವಿ. ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿ, ಕೆಳಗೆ ಬಣ್ಣದ ಕಲ್ಲು, ಒಂದು ಸ್ಪಾಂಜು, ಏಡಿಗಳ ಚಿಪ್ಪಿನ ಮೇಲೆ ಗೊಂಬೆ ಪೇಂಟು. ನೀರು ಚಿಮುಕಿಸಿ ಸಾಕು ಅಂದ್ರು. ಮೊದಲ ತಿಂಗ್ಳಲ್ಲೇ ಎರಡು ಹೋದ್ವು. ಆಮೇಲೆ ಓದೋಕೆ ಕೂತೆ. ಅವು ಉಸಿರಾಡೋದು ಕಿವಿರಲ್ಲಿ, ನೆಲದ ಮೇಲಿದ್ರೂ. ಗಾಳೀಲಿ ಶೇಕಡ 80ರ ಆಸುಪಾಸು ತೇವ ಇರ್ಬೇಕು, ಒಣಗಿದ್ರೆ ನಿಧಾನಕ್ಕೆ ಉಸಿರು ಕಟ್ಟುತ್ತೆ, ತಿಂಗಳುಗಟ್ಲೆ. ಉಪ್ಪುನೀರಿನ ಬಟ್ಲು ಒಂದು, ಸಿಹಿನೀರಿನ ಬಟ್ಲು ಒಂದು, ಎರಡೂ ಬೇಕು. ನಾವು "ಮೆತ್ತಗೆ ಕೂತಿದಾವೆ, ಪಾಪ ಒಳ್ಳೇವು" ಅಂತ ನೋಡ್ತಿದ್ದಿದ್ದು ಅವು ಸಾಯ್ತಿದ್ದಿದ್ದನ್ನ.

ಸರಿ ಅಂತ ದೊಡ್ಡ ಗಾಜಿನ ಟ್ಯಾಂಕು, ತೇವದ ಮರಳು, ಹೊಸ ಚಿಪ್ಪು ಎಲ್ಲಾ ಮಾಡಿದ್ವಿ. ಉಳಿದ ಎರಡೂ ಚೇತರಿಸ್ಕೊಂಡ್ವು. ಚಿಪ್ಪು ಬದಲಾಯ್ಸೋದು ನೋಡ್ಬೇಕು ನೀವು, ಬಟ್ಟೆ ಅಂಗಡೀಲಿ ಟ್ರಯಲ್ ನೋಡೋ ಥರ ಒಳಗೆ ಕಾಲು ಹಾಕಿ ಅಳತೆ ತಗೊಂಡು, ತಿರುಗಿಸಿ ನೋಡಿ, ಕಣ್ಣು ಮಿಟುಕಿಸೋದ್ರಲ್ಲಿ ಹಳೇದ್ರಿಂದ ಹೊಸದ್ರೊಳಕ್ಕೆ. ಕಡಲ ದಡದಲ್ಲಿ ಇವು ದೊಡ್ಡದ್ರಿಂದ ಚಿಕ್ಕದ್ರವರೆಗೆ ಸಾಲಾಗಿ ನಿಂತು, ಮೊದಲ್ನೇದು ಖಾಲಿ ಚಿಪ್ಪಿಗೆ ಹೋದ ತಕ್ಷಣ ಅದರ ಹಳೇ ಚಿಪ್ಪಿಗೆ ಎರಡ್ನೇದು, ಅದರದ್ದಕ್ಕೆ ಮೂರ್ನೇದು ಹೀಗೆ ಎಲ್ಲಾ ಒಟ್ಟಿಗೆ ಮನೆ ಬದಲಾಯ್ಸ್ತವಂತೆ.

ಆಮೇಲೆ ಒಂದು ಏಡಿ ಮರಳೊಳಗೆ ಹೋಯ್ತು. ಒಂದು ತಿಂಗ್ಳಾದ್ರೂ ಬರ್ಲಿಲ್ಲ. ಸತ್ತಿರ್ಬೇಕು, ಕೊಳೆತ್ರೆ ಇನ್ನೊಂದಕ್ಕೂ ತೊಂದ್ರೆ ಅಂತ ಅಗೆದೆ. ಸತ್ತಿರ್ಲಿಲ್ಲ. ಪೊರೆ ಕಳಚ್ತಿತ್ತು. ಮೈಯೆಲ್ಲಾ ಹಾಲಿನ ಕೆನೆ ಬಣ್ಣ, ಮೆತ್ತಗೆ, ಕಾಲು ಅಲ್ಲಾಡ್ತು. ಮತ್ತೆ ಮುಚ್ಚಿದೆ ಆದ್ರೆ ಅದು ಕಟ್ಕೊಂಡಿದ್ದ ಗೂಡು ಕುಸಿದುಹೋಗಿತ್ತು, ಎರಡು ದಿನ ಬದುಕಿತ್ತು ಅಷ್ಟೆ. ಮಗಳಿಗೆ ಇವತ್ತಿಗೂ ನಾನು ಅಗೆದೆ ಅಂತ ಹೇಳಿಲ್ಲ.

ಇವು ಚೆನ್ನಾಗಿ ನೋಡ್ಕೊಂಡ್ರೆ 30 ವರ್ಷ ದಾಟಿ ಬದುಕಿರೋ ಉದಾಹರಣೆ ಇದೆ. ಮರಿ ಮಾಡೋಕೆ ಸಮುದ್ರನೇ ಬೇಕು, ಟ್ಯಾಂಕಲ್ಲಿ ಮರಿ ಬೆಳೆಸೋದು ತೀರಾ ಅಪರೂಪ, ಅಂದ್ರೆ ಮಾರೋಕೆ ಇಟ್ಟಿರೋದು ಬಹುತೇಕ ಎಲ್ಲಾ ದಡದಿಂದ ಹಿಡಿದು ತಂದಿದ್ದೇ. ಸುಲಭ ಅಂತ ಯಾರಾದ್ರೂ ಅಂದ್ರೆ, ಸಾಯೋದು ಸುಲಭ ಅಂತ ಓದ್ಕೊಳ್ಳಿ.

ಬಾಲವಿಲ್ಲದ ಹಲ್ಲಿ:
ಮೇಲಿನ ಎರಡು ರಿಪ್ಲೈ ಓದಿ ನಾನು ಮನೇಲಿರೋ ಹಲ್ಲಿಗೇ ಹೆಸ್ರಿಟ್ಟು ನೆಮ್ಮದಿಯಾಗಿದೀನಿ. ಟ್ಯಾಂಕ್ ಇಲ್ಲ, ಥರ್ಮೋಸ್ಟಾಟ್ ಇಲ್ಲ, ಊಟ ಅದೇ ನೋಡ್ಕೊಳುತ್ತೆ, ಬೇಕಾದಾಗ ಮಾತಿಗೆ ಲೊಚ್ ಅಂತ ಸಾಕ್ಷಿನೂ ಹೇಳುತ್ತೆ.

ಸೂಜಿದಾರ:
ವೆಟರ್ನರಿ ಓದಿ ಕ್ಲಿನಿಕ್‌ನಲ್ಲಿ ಕೆಲ್ಸ ಮಾಡ್ತಿರೋನು ನಾನು. ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಲಿಸ್ಟಲ್ಲಿ ಮೂರು ಹೊಡೆದು ಹಾಕಿ.

ಸ್ಲೋ ಲೋರಿಸ್. ಆ ವಿಡಿಯೋದಲ್ಲಿ ಕೈ ಎತ್ತೋದು ಕಚಗುಳಿ ಖುಷಿಗಲ್ಲ. ಅದಕ್ಕೆ ಮೊಣಕೈ ಒಳಭಾಗದಲ್ಲಿ ಒಂದು ಗ್ರಂಥಿ ಇದೆ, ಹೆದರಿದಾಗ ಕೈ ಮೇಲೆತ್ತಿ ಆ ದ್ರವ ನೆಕ್ಕಿ ಎಂಜಲಿಗೆ ಸೇರಿಸ್ಕೊಂಡು ಕಚ್ಚುತ್ತೆ. ವಿಷ ಇರೋ ಕಚ್ಚು. ಅಂದ್ರೆ ಕೋಟಿ ಜನ ನೋಡಿ ನಕ್ಕಿದ್ದು ಒಂದು ಪ್ರಾಣಿ "ಹತ್ರ ಬರ್ಬೇಡ" ಅಂತಿರೋದನ್ನ. ಮಾರೋರು ಕಚ್ಚಬಾರ್ದು ಅಂತ ಅರಿವಳಿಕೆ ಇಲ್ದೆ ಹಲ್ಲು ಕತ್ತರಿಸ್ತಾರೆ, ಉಗುರು ಕತ್ತರಿಸೋ ಕಟರ್‌ನಲ್ಲಿ. ಸೋಂಕಾಗಿ ಸಾಯೋವೇ ಎಷ್ಟೋ. 2007ರಿಂದ ಇದು ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟೀಲಿದೆ, ದೇಶದಿಂದ ದೇಶಕ್ಕೆ ವ್ಯಾಪಾರ ಮಾಡೋ ಹಾಗೇ ಇಲ್ಲ. ಹೀಗೇ ಮುದ್ದು ವಿಡಿಯೋದಿಂದ ಡಿಮ್ಯಾಂಡ್ ಏರಿದ ಇನ್ನೊಂದು ಪ್ರಾಣಿ ಅಂದ್ರೆ ಚಿಕ್ಕ ಉಗುರಿನ ನೀರುನಾಯಿ, ಅದೂ 2019ರಲ್ಲಿ ಅದೇ ಪಟ್ಟಿಗೆ ಹೋಯ್ತು.

ಫೆನೆಕ್ ನರಿ. ಸಹಾರಾ ಮರಳುಗಾಡಿಂದು, ಒಂದೂವರೆ ಕೆಜಿ ಆಸುಪಾಸು, ಕಿವಿ ಚಂದ, ಒಪ್ತೀನಿ. ಆದ್ರೆ ರಾತ್ರಿಯೆಲ್ಲಾ ಎಚ್ಚರ, ಕಿರುಚುತ್ತೆ, ಸೋಫಾನೂ ಮರಳೇ ಅಂದ್ಕೊಂಡು ಅಗೆಯುತ್ತೆ. ಇಲ್ಲಿ ಒಂದು ವಿಷ್ಯ ಬಿಡಿಸಿ ಹೇಳ್ಬೇಕು. ಪಳಗಿದ ಪ್ರಾಣಿ ಬೇರೆ, ಸಾಕುಪ್ರಾಣಿ ಬೇರೆ. 1959ರಲ್ಲಿ ರಷ್ಯಾದಲ್ಲಿ ಬೆಲ್ಯಾಯೆವ್ ಅನ್ನೋ ವಿಜ್ಞಾನಿ ಬೆಳ್ಳಿ ನರಿಗಳ ಮೇಲೆ ಪ್ರಯೋಗ ಶುರು ಮಾಡಿದ್ರು, ಪ್ರತಿ ಪೀಳಿಗೇಲೂ ಮನುಷ್ಯರಿಗೆ ಹೆದರದೇ ಇರೋ ಕೆಲವನ್ನ ಮಾತ್ರ ಆರಿಸಿ ಅವುಗಳಿಂದಲೇ ಮರಿ ಮಾಡಿಸೋದು. ಪೀಳಿಗೆಗಳು ಕಳೆದ ಹಾಗೆ ನಾಯಿ ಥರ ಬಾಲ ಅಲ್ಲಾಡ್ಸೋವು, ಕೈ ನೆಕ್ಕೋವು ಬಂದ್ವು, ಕೆಲವಕ್ಕೆ ಕಿವಿನೂ ಜೋತುಬಿತ್ತು. ಆ ಪ್ರಯೋಗ ಅವರು ತೀರ್ಕೊಂಡ್ಮೇಲೂ ನಡೀತಿದೆ. ಸಾಕುಪ್ರಾಣಿ ಆಗೋದು ಅಂದ್ರೆ ಅದು, ವಂಶದೊಳಗೆ ಆಗೋ ಬದಲಾವಣೆ. ನೀವು ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಂದು ಫೆನೆಕ್, ನಿಮ್ಮ ಪರಿಚಯ ಇರೋ ಕಾಡುಪ್ರಾಣಿ, ಅಷ್ಟೇ.

ಆಕ್ಟೋಪಸ್. ಮೂರು ಹೃದಯ, ನೀಲಿ ರಕ್ತ, ಬುದ್ಧಿ ಅಂದ್ರೆ ಬುದ್ಧಿ. ನ್ಯೂಜಿಲೆಂಡ್‌ನ ನ್ಯಾಷನಲ್ ಅಕ್ವೇರಿಯಂನಲ್ಲಿದ್ದ ಇಂಕಿ ಅನ್ನೋದು 2016ರಲ್ಲಿ ಟ್ಯಾಂಕಿನ ಮುಚ್ಚಳದ ಸಂದೀಲಿ ಹೊರಗೆ ಬಂದು, ನೆಲದ ಮೇಲೆ ತೆವಳಿ, ಡ್ರೈನ್ ಪೈಪ್ ಹಿಡ್ದು ಸಮುದ್ರಕ್ಕೆ ಹೋಗೇಬಿಡ್ತು. ದೊಡ್ಡ ಅಕ್ವೇರಿಯಂ ಕೈಯಲ್ಲೇ ಹಿಡಿದಿಡೋಕಾಗ್ಲಿಲ್ಲ. ಅದಕ್ಕಿಂತ ಬೇಜಾರಿನ ಸಂಗತಿ ಏನಂದ್ರೆ ಎಷ್ಟೋ ಜಾತಿಗಳ ಆಯಸ್ಸೇ ಒಂದೆರಡು ವರ್ಷ. ಹೆಣ್ಣು ಮೊಟ್ಟೆ ಇಟ್ಟು, ತಿನ್ನೋದು ಬಿಟ್ಟು, ಮೊಟ್ಟೆ ಕಾಯ್ತಾ ಕಾಯ್ತಾ ಸಾಯುತ್ತೆ. ನಿಮ್ ಗುರುತು ಹಿಡಿಯೋಕೆ ಶುರು ಮಾಡೋ ಹೊತ್ತಿಗೆ ಹೊರಡೋ ಟೈಮ್ ಬಂದಿರುತ್ತೆ.

ಇನ್ನು ಯಾರೂ ಹೇಳದ ವಿಷ್ಯ, ಡಾಕ್ಟ್ರು. ಪ್ರಾಣಿ ಆರಿಸೋಕ್ ಮುಂಚೆ ಅದನ್ನ ನೋಡೋಕೆ ಬರೋ ಡಾಕ್ಟ್ರು ಎಷ್ಟು ದೂರದಲ್ಲಿದಾರೆ ನೋಡಿ. ನಮ್ ಕಾಲೇಜಲ್ಲಿ ಹಸು, ನಾಯಿ, ಕೋಳಿ ಎಲ್ಲಾ ಗಟ್ಟಿಯಾಗಿ ಕಲ್ತ್ವಿ, ಹಲ್ಲಿ ಹಾವು ಬಗ್ಗೆ ಓದಿದ್ದು ಎಷ್ಟು ಅಂತ ಕೇಳ್ಬೇಡಿ. ನನ್ನ ಟೇಬಲ್ ಮೇಲೆ ಬಂದ ಮೊದಲ ಬಿಯರ್ಡೆಡ್ ಡ್ರ್ಯಾಗನ್ (ಮರುಭೂಮಿ ಕಡೆಯ ದೊಡ್ಡ ಹಲ್ಲಿ) ದವಡೆ ಒತ್ತಿದ್ರೆ ರಬ್ಬರ್ ಥರ ಬಗ್ತಿತ್ತು. ಬಿಸಿಲಿನ ಬದಲಿಗೆ ಹಾಕೋ ಯುವಿಬಿ ಲೈಟ್ ಹಾಕಿರ್ಲಿಲ್ಲ, ಕ್ಯಾಲ್ಸಿಯಂ ಪುಡಿ ಕೊಟ್ಟಿರ್ಲಿಲ್ಲ, ಮೂಳೆಯೆಲ್ಲಾ ಕರಗಿತ್ತು. ತಂದವ್ರು ಕೆಟ್ಟವ್ರಲ್ಲ, "ಮೊನ್ನೆವರೆಗೂ ಚೆನ್ನಾಗೇ ತಿಂತಿತ್ತು ಸಾರ್" ಅಂತ ಕಣ್ಣಲ್ಲಿ ನೀರು. ಬೇರೆಯವಕ್ಕೆ ಬೇಟೆಯಾಗೋ ಪ್ರಾಣಿಗಳು ಕಾಯಿಲೆನ ಮುಚ್ಚಿಡ್ತವೆ, ನಿಮ್ಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ.

ಬೇಲಿಯಾಚೆ:
ಇಷ್ಟೆಲ್ಲಾ ಓದಿದ್ಮೇಲೂ ಸಾಕ್ಬೇಕಾ ಅಂತ ಯಾರೂ ಕೇಳ್ತಿಲ್ವಲ್ಲ. ಐದು ತಿಂಗ್ಳು ಉಪವಾಸ, ಡಬ್ಬಿ ಒಳಗೆ ಬದುಕು, ಯಾರ ಖುಷಿಗೆ ಇದು? ಬೇಜಾರಾದಾಗ ಹೊರಗೆ ಬಿಟ್ಬಿಡೋದು ಬೇರೆ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಬರ್ಮೀಸ್ ಹೆಬ್ಬಾವು ಹೇಗೆ ತುಂಬ್ಕೊಂಡ್ವು? ಸಾಕಿದವು ತಪ್ಪಿಸ್ಕೊಂಡಿದ್ದು, ಸಾಕಿದೋರು ಬಿಟ್ಟಿದ್ದು. ಅಲ್ಲಿನ ಮೊಲ, ರಕೂನ್ ಎಲ್ಲಾ ಕಾಣದಂಗಾಗಿದಾವೆ. ಕೆಂಪು ಕಿವಿಯ ಆಮೆ ಕಥೆನೂ ಅದೇ, ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದಿದ್ದಾಗ ತರ್ತಾರೆ, ತಟ್ಟೆಯಷ್ಟಾದಾಗ ಕೆರೆಗೆ ಹಾಕ್ತಾರೆ, ಈಗ ಪ್ರಪಂಚದ ಎಷ್ಟೋ ದೇಶಗಳ ಕೆರೆಗಳಲ್ಲಿ ಅದೇ.

ಸುರುಳಿ:
@ಬೇಲಿಯಾಚೆ ನೀವು ಹೇಳಿದ್ರಲ್ಲಿ ಅರ್ಧಕ್ಕೆ ನನ್ನತ್ರ ಉತ್ತರ ಇಲ್ಲ, ಸುಳ್ಳು ಹೇಳಲ್ಲ. ನಮ್ದು ಸಾಕಿದ ಹಾವಿಗೇ ಹುಟ್ಟಿದ ಮರಿ, ಕಾಡಿಂದ ಹಿಡಿದಿದ್ದಲ್ಲ, ಕಾಗದ ಪತ್ರ ಎಲ್ಲಾ ಇದೆ. ಡಬ್ಬೀಲಿರೋದು ಅದಕ್ಕೆ ಹಿಂಸೆನಾ ಅಂದ್ರೆ, ಕಾಡಲ್ಲೂ ಇದು ಹಗಲೆಲ್ಲಾ ಬಿಲದಲ್ಲೇ ಮಲಗೋ ಜಾತಿ. ಆದ್ರೆ "ಯಾರ ಖುಷಿಗೆ" ಅಂದ್ರೆ ನನ್ನ ಖುಷಿಗೇ. ಅದಕ್ಕೆ ನಾನು ಯಾರು ಅಂತ್ಲೂ ಗೊತ್ತಿಲ್ಲ, ಬೆಚ್ಚಗಿರೋ ಮರದ ಕೊಂಬೆ ಅಂದ್ಕೊಂಡಿರ್ಬಹುದು. ಅಷ್ಟಕ್ಕೇ ತೃಪ್ತಿ ಇರೋರು ಸಾಕ್ಬೇಕು. ತಿರುಗಿ ಪ್ರೀತಿ ಬೇಕು ಅಂದ್ರೆ ನಾಯಿನೇ ವಾಸಿ.

ತಣ್ಣೀರು:
ಆಕ್ಸೊಲಾಟಲ್ ಬಗ್ಗೆ ನಾನು ಹೇಳ್ತೀನಿ ತಮ್ಮ, ಎರಡಿದಾವೆ ನನ್ನತ್ರ, ಆರು ವರ್ಷ ಆಯ್ತು.

ಮೊದಲ್ನೇ ಮಾತು, ಅದು ನಗ್ತಿಲ್ಲ. ಬಾಯಿ ಇರೋದೇ ಹಾಗೆ. ಕಾಯಿಲೆ ಬಿದ್ರೂ ಅದೇ ನಗು, ಸಾಯೋವಾಗ್ಲೂ ಅದೇ ನಗು, ಅದಕ್ಕೇ ನಾನು ಮುಖ ನೋಡೋದೇ ಬಿಟ್ಟು ಕಿವಿರು ನೋಡ್ತೀನಿ. ಕಿವಿರು ಮುಂದಕ್ಕೆ ಬಾಗಿದ್ರೆ ನೀರು ಸರಿಯಿಲ್ಲ ಅಂತ ಅರ್ಥ.

ಮತ್ತೆ ನೀರು. ನೀರು ಬಿಟ್ರೆ ಬೇರೆ ವಿಷ್ಯನೇ ಇಲ್ಲ ಅನ್ನಿ. 16ರಿಂದ 18 ಡಿಗ್ರಿ ಇರ್ಬೇಕು, 24 ದಾಟ್ತು ಅಂದ್ರೆ ಒದ್ದಾಟ ಶುರು. ಮೊದಲ ಬೇಸಿಗೇಲಿ ನಾನು ಬಾಟ್ಲಲ್ಲಿ ನೀರು ಹೆಪ್ಪುಗಟ್ಟಿಸಿ ಮೂರು ಗಂಟೆಗೊಂದ್ಸಲ ಟ್ಯಾಂಕಿಗೆ ಇಳಿಬಿಡ್ತಿದ್ದೆ, ಮಧ್ಯರಾತ್ರಿ ಅಲಾರಂ ಇಟ್ಕೊಂಡು, ಎಳೇ ಮಗು ಇರೋ ಮನೆ ಥರ. ಆಮೇಲೆ ಸಾಲ ಮಾಡಿ ಚಿಲ್ಲರ್ ತಗೊಂಡೆ. ಪ್ರಾಣಿಗಿಂತ ಅದಕ್ಕೆ ತಂಪು ಮಾಡೋ ಮಿಷನ್ನೇ ದುಬಾರಿ, ಇದನ್ನ ಯಾರೂ ಹೇಳಿರ್ಲಿಲ್ಲ.

ಟ್ಯಾಂಕ್ ತಂದ ದಿನವೇ ಪ್ರಾಣಿ ತರೋದು ಎಲ್ರೂ ಮಾಡೋ ತಪ್ಪು. ಅದರ ಗಲೀಜಿಂದ ಅಮೋನಿಯಾ ಬರುತ್ತೆ, ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಇದು ಪರ್ವಾಗಿಲ್ಲ, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಾಯ್ಸಿದ್ರೆ ಆಯ್ತು. ಈ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆದು ನೆಲೆ ನಿಲ್ಲೋಕೆ ಒಂದು ತಿಂಗ್ಳಿಂದ ಎರಡು ತಿಂಗ್ಳು ಬೇಕು. ಅಷ್ಟು ದಿನ ಖಾಲಿ ಟ್ಯಾಂಕಿಗೆ ಹನಿ ಹನಿ ಅಮೋನಿಯಾ ಹಾಕಿ, ಟೆಸ್ಟ್ ಕಿಟ್‌ನಲ್ಲಿ ಬಣ್ಣ ನೋಡ್ತಾ ಕೂರ್ಬೇಕು. ನಮ್ಮನೆಯವ್ರು "ಏನಿದು, ನೀರು ಸಾಕಿದ್ಯಾ" ಅಂತ ಕೇಳ್ತಿದ್ರು. ಹೌದು ರೀ ಅಂದೆ.

ಕೆಳಗೆ ಚಿಕ್ಕ ಕಲ್ಲು ಹಾಕ್ಬೇಡಿ, ನುಂಗಿ ಹೊಟ್ಟೇಲಿ ಸಿಕ್ಕಾಕೊಳುತ್ತೆ. ಸಣ್ಣ ಮರಳು ಇಲ್ಲಾ ಬರೀ ಗಾಜು. ಚಿಕ್ಕ ಮರಿ ಎರಡನ್ನ ಒಟ್ಟಿಗೆ ಬಿಡ್ಬೇಡಿ, ಒಂದರ ಕಾಲು ಇನ್ನೊಂದರ ಬಾಯಲ್ಲಿ. ನಮ್ದೊಂದಕ್ಕೆ ಮುಂಗಾಲು ಪೂರ್ತಿ ಹೋಗಿತ್ತು, ಎರಡು ತಿಂಗ್ಳಲ್ಲಿ ಬೆರಳು ಸಮೇತ ಹೊಸದಾಗಿ ಬಂತು! ಮೊಳಕೆ ಒಡೆದ ಹಾಗೆ ಮೊದ್ಲು ಒಂದು ಗುಬುಟು, ಆಮೇಲೆ ಅದೇ ಕವಲೊಡೀತು. ನೋಡ್ತಾ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ.

ಇನ್ನೊಂದು, ಇದರ ಊರು ಮೆಕ್ಸಿಕೋ ಸಿಟಿಯ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ 1998ರಲ್ಲಿ ಚದರ ಕಿಲೋಮೀಟರ್‌ಗೆ ಸುಮಾರು 6000 ಇದ್ದವು, 2014ರ ಲೆಕ್ಕದಲ್ಲಿ 36. ಇತ್ತ ಪ್ರಪಂಚದ ಲ್ಯಾಬುಗಳಲ್ಲಿ, ಮನೆಗಳಲ್ಲಿ ಲೆಕ್ಕವಿಲ್ದಷ್ಟು. 1864ರಲ್ಲಿ ಪ್ಯಾರಿಸ್‌ಗೆ ಒಂದಿಷ್ಟು ಹೋದ್ವು, ಆ ವಂಶದ್ದೇ ಲ್ಯಾಬುಗಳಲ್ಲಿ ಹರಡಿದ್ದು. ನಮ್ ಮನೇಲಿರೋದನ್ನ ಅಲ್ಲಿಗೆ ಬಿಡೋಣ ಅಂದ್ರೆ ಅದೂ ಆಗಲ್ಲ, ಕಾಯಿಲೆ ಹೋಗುತ್ತೆ, ಮತ್ತೆ ಕಾಲುವೆನೇ ಕೆಟ್ಟಿದೆ. ಮುಂಜಾನೆ ಎದ್ದು ಟ್ಯಾಂಕ್ ಲೈಟ್ ಹಾಕಿದಾಗ ಒಂದೊಂದ್ಸಲ ಇದು ನೆನಪಾಗುತ್ತೆ.

ಗೂಬೆಕಣ್ಣ:
ಅಬ್ಬಾ. ಎಲ್ರಿಗೂ ಥ್ಯಾಂಕ್ಸ್. ಲೋರಿಸ್, ಫೆನೆಕ್, ಆಕ್ಟೋಪಸ್, ಏಡಿ ನಾಲ್ಕೂ ಹೊಡೆದು ಹಾಕ್ದೆ. ಖಾಲಿಚಿಪ್ಪು ಅವರೇ, ನಿಮ್ ಪೋಸ್ಟ್ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ತಣ್ಣೀರಕ್ಕ, ನಮ್ ರೂಮಲ್ಲಿ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತೆ ಅಂತ ನೋಡೋಣ ಅಂತ ಒಂದು ಥರ್ಮಾಮೀಟರ್ ತಂದಿಟ್ಟೆ. 33. ಆಕ್ಸೊಲಾಟಲ್ ಬಿಡಿ, ನಾನೇ ಬದುಕಿರೋದು ಹೆಚ್ಚು.

ಟರಾಂಟುಲಾ ಬಗ್ಗೆ ಯಾರೂ ಏನೂ ಹೇಳ್ಲಿಲ್ವಲ್ಲ? ಮತ್ತೆ ಈಗ್ಲಿಂದ ಏನ್ ಮಾಡ್ಬಹುದು ಅಂತ ಕೇಳಿದ್ದೆ.

ಇರುವೆಸಾಲು:
ಟರಾಂಟುಲಾ ನನ್ನತ್ರ ಇತ್ತು ಮಾರಾಯ್ರೆ, ಈಗ ಫ್ರೆಂಡ್ ಮನೇಲಿದೆ. ಜಾಗ ಕಡಿಮೆ, ಶಬ್ದ ಇಲ್ಲ, ವಾರಕ್ಕೊಂದು ಹುಳ, ನಿಮ್ ರೂಮಿಗೆ ಅದೇ ಸರಿ ಅನ್ಬಹುದು. ಆದ್ರೆ ಕೈಮೇಲೆ ಬಿಟ್ಕೊಂಡು ಫೋಟೋ ತೆಗೆಯೋ ಆಸೆ ಇದ್ರೆ ಬೇಡ. ಸೊಂಟದೆತ್ತರದಿಂದ ಬಿದ್ರೂ ಹೊಟ್ಟೆ ಒಡೆದು ಸಾಯ್ತದೆ. ಅಮೆರಿಕ ಖಂಡದ ಬಹುತೇಕ ಜಾತಿಗಳು ಸಿಟ್ಟು ಬಂದ್ರೆ ಹಿಂಗಾಲಲ್ಲಿ ಹೊಟ್ಟೆ ಕೆರೆದು ರೋಮ ತೂರ್ತವೆ, ಕಣ್ಣಿಗೆ ಹೋದ್ರೆ ನೇರ ಆಸ್ಪತ್ರೆ. ಗಂಡು ಕೆಲವೇ ವರ್ಷ, ಹೆಣ್ಣು ಕೆಲವು ಜಾತಿಯಲ್ಲಿ 20 ದಾಟ್ತದೆ. ಪೊರೆ ಬಿಡುವಾಗ ಬೆನ್ನ ಮೇಲೆ ಮಲಗಿ ಎಂಟೂ ಕಾಲು ಮೇಲೆ ಮಾಡ್ತದೆ, ನೋಡಿದವ್ರು ಸತ್ತಿದೆ ಅಂತ ಎಸೀತಾರೆ. ಮೇಲೆ ಏಡಿ ಕಥೆ ಓದಿದ್ರಲ್ಲ, ಅದೇ ಕಥೆ.

ಈಗ್ಲೇ ಶುರು ಮಾಡ್ಬೇಕು ಅಂದ್ರೆ ಇರುವೆ ಸಾಕಿ. ನಗ್ಬೇಡಿ. ಮಳೆ ಬಿದ್ದ ಮೇಲೆ ರೆಕ್ಕೆ ಇರುವೆ ಏಳ್ತವಲ್ಲ, ಅದರಲ್ಲಿ ರಾಣಿಗಳಿರ್ತಾವೆ. ಗಂಡಿನ ಜೊತೆ ಸೇರಿದ ಮೇಲೆ ನೆಲಕ್ಕಿಳಿದು ರೆಕ್ಕೆ ತಾನೇ ಕಿತ್ತು ಬಿಸಾಡ್ತದೆ, ಆಮೇಲೆ ಒಂದೇ ಸಮ ನೆಲದಲ್ಲಿ ಬಿಲ ಹುಡುಕ್ತಾ ಓಡ್ತದೆ. ಅಂಥದ್ದೊಂದು ಸಿಕ್ಕಿದ್ರೆ ಟೆಸ್ಟ್ ಟ್ಯೂಬಿನ ತುದಿಗೆ ನೀರು, ನೀರಿಗೆ ಹತ್ತಿಯ ಬಿರಡೆ, ಉಳಿದ ಜಾಗದಲ್ಲಿ ರಾಣಿ, ಬಾಯಿಗೆ ಮತ್ತೆ ಹತ್ತಿ. ಕತ್ತಲಲ್ಲಿ ಇಟ್ಟುಬಿಡಿ. ಬಹಳ ಜಾತಿಯ ರಾಣಿಗೆ ಊಟ ಬೇಡ, ಹಾರೋಕಿದ್ದ ಸ್ನಾಯುಗಳನ್ನೇ ಕರಗಿಸ್ಕೊಂಡು ಮೊದಲ ಮರಿಗಳನ್ನ ಸಾಕ್ತದೆ. ಹಾರಾಟ ಮುಗೀತಲ್ಲ, ಇನ್ಯಾಕೆ ಅಂತ. ಮೊದಲ ಕೆಲಸಗಾರರು ತೀರಾ ಪುಟಾಣಿ, ಇದ್ದಷ್ಟರಲ್ಲಿ ಬೆಳೆಸಿದ್ದಲ್ವ. ಇದಕ್ಕೆ ಒಂದು ತಿಂಗಳಿಂದ ಎರಡು ತಿಂಗಳು. ಅಷ್ಟು ದಿನ ನೀವು ಮಾಡೋ ಕೆಲ್ಸ ಒಂದೇ, ನೋಡದೇ ಇರೋದು. ವಾರಕ್ಕೊಂದ್ಸಲ ಇಣುಕಿ ಸಾಕು. ಬೆಳಕು ಬಿದ್ದು ಅಲ್ಲಾಡಿ ಗಾಬರಿಯಾದ್ರೆ ತನ್ನ ಮೊಟ್ಟೆ ತಾನೇ ತಿಂತದೆ.

ನಿಮ್ಮ ಅಕ್ಕಪಕ್ಕದ ಜಾತಿನೇ ಇಟ್ಕೊಳ್ಳಿ, ಪರದೇಶದ್ದು ತರಿಸ್ಬೇಡಿ. 2025ರಲ್ಲಿ ಕೆನ್ಯಾದಲ್ಲಿ ಇಬ್ರು ಹುಡುಗ್ರು ಸುಮಾರು 5000 ಇರುವೆ, ಹೆಚ್ಚಿನವು ರಾಣಿಗಳೇ, ಟ್ಯೂಬಲ್ಲಿ ಹತ್ತಿ ಹಾಕಿ ಸಾಗಿಸೋಕೆ ಹೋಗಿ ಸಿಕ್ಕಿಬಿದ್ದು ಕೋರ್ಟು ದಂಡ ಹಾಕ್ತು, ಇರುವೆಗೂ ಕಳ್ಳಸಾಗಣೆ ಉಂಟು. ಸಣ್ಣದು, ಬೇಗ ಸಾಯ್ತದೆ ಅಂತ ತಿಳ್ಕೊಂಡ್ರೆ ಅದೂ ತಪ್ಪು, ಲೇಸಿಯಸ್ ನೈಜರ್ ಅನ್ನೋ ಕಪ್ಪಿರುವೆಯ ರಾಣಿ ಒಂದು ಲ್ಯಾಬಲ್ಲಿ 28 ವರ್ಷ ಬದುಕಿತ್ತು.

ಸುರುಳಿ:
28 ವರ್ಷ! ನನ್ ಹಾವಿಗೇ ಕಾಂಪಿಟೇಶನ್ನು.

ಬೇಲಿಯಾಚೆ:
ಇರುವೆಗೆ ನಂದು ಅಭ್ಯಂತರ ಇಲ್ಲ. ಆದ್ರೆ ಬೇಜಾರಾದ್ರೆ ಹಿಡಿದ ಜಾಗಕ್ಕೇ ವಾಪಸ್ ಬಿಡಿ, ಬೇರೆ ಕಡೆ ಅಲ್ಲ.

ಗೂಬೆಕಣ್ಣ:
ಮೂರು ವಾರದ ಅಪ್‌ಡೇಟು. ಮೊನ್ನೆ ಮಳೆ ನಿಂತ ಮೇಲೆ ಬೀದಿ ದೀಪದ ಕೆಳಗೆ ಬಗ್ಗಿ ಬಗ್ಗಿ ಹುಡುಕ್ತಿದ್ದೆ, ಹೋಗೋರು ಬರೋರೆಲ್ಲಾ ಏನ್ ಕಳ್ಕೊಂಡ್ರಿ ಅಂತ ಕೇಳಿ ಇಬ್ರು ಟಾರ್ಚ್ ಕೂಡ ಹಾಕಿ ಹೆಲ್ಪ್ ಮಾಡಿದ್ರು. ಸಿಕ್ತು! ಹೊಟ್ಟೆ ದಪ್ಪ, ಭುಜದ ಹತ್ರ ರೆಕ್ಕೆ ಕಿತ್ತ ಗುರುತು. ಟ್ಯೂಬು, ಹತ್ತಿ ಎಲ್ಲಾ ಹೇಳಿದ ಹಾಗೇ ಮಾಡಿ ಕಪ್ಪು ಬಟ್ಟೆ ಸುತ್ತಿ ಶೂ ಡಬ್ಬೀಲಿಟ್ಟು ಬೀರು ಕೆಳಗೆ ಇಟ್ಟಿದೀನಿ. ರೂಮ್‌ಮೇಟ್ಸ್‌ಗೆ ಶೂ ಅಂತ್ಲೇ ಹೇಳಿದೀನಿ. ನಾಲ್ಕನೇ ದಿನ ಬಿಳೀ ಚುಕ್ಕಿ ಥರ ಏನೋ ಕಂಡಂಗಾಯ್ತು, ಆರೇಳು ಇರ್ಬೇಕು, ಬೆಳಿಗ್ಗೆ ನೋಡಿದಾಗ ಒಂದ್ಕಡೆ ಗುಡ್ಡೆ ಮಾಡಿತ್ತು, ಸಂಜೆ ನೋಡಿದಾಗ ಜಾಗ ಬದಲಾಗಿತ್ತು, ಈಗ ಬರೆಯೋಕ್ ಮುಂಚೆ ಇನ್ನೊಂದ್ಸಲ ನೋಡ್ದೆ, ಬಾಯಲ್ಲಿ ಕಚ್ಕೊಂಡು ಓಡಾಡ್ತಿತ್ತು, ಅದು ನಾರ್ಮಲ್ಲಾ?

ಇರುವೆಸಾಲು:
ಮಾರಾಯ, ಬೆಳಿಗ್ಗೆ ಒಂದು, ಸಂಜೆ ಒಂದು, ಈಗ ಒಂದು. ಡಬ್ಬಿ ಮುಚ್ಚಿ ದೂರ ಹೋಗು.

ಗೂಬೆಕಣ್ಣ:
ಮುಚ್ಚಿದೆ.

ಖಾಲಿಚಿಪ್ಪು:
ದಯವಿಟ್ಟು ತೆಗೀಬೇಡಿ.